ಡೀಬಗ್ ಮ್ಯಾಕ್ರೊ ಬರೆಯುವವರಿಗೊಂದು ಕಿವಿಮಾತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಂದ ತುಮಕೂರಿನ ಇಂಜಿನಿಯರಿಂಗ್ ಕಾಲೇಜುಗಳಿಗೆ ಬಂದು ಸಿ ಭಾಷೆ ಕಲಿಯುವವರು ಗಮನಿಸಬೇಕಾದ ಸಂಗತಿಯೊಂದಿದೆ. ಡೀಬಗ್ ಮ್ಯಾಕ್ರೊವನ್ನು, ಅಂದರೆ ದೋಷ ಹುಡುಕುವಾಗ ವೇರಿಯೇಬಲ್‌ಗಳ ಬೆಲೆಯನ್ನು ಮುದ್ರಿಸುವ ಸಂಕ್ಷಿಪ್ತ ಆದೇಶವನ್ನು, ಕೆಲಸ ಮುಗಿದ ಮೇಲೆ ಬರಿದಾಗಿಸಿದರೆ, ಅದರಲ್ಲಷ್ಟೇ ಬಳಕೆಯಾಗಿದ್ದ ವೇರಿಯೇಬಲ್‌ಗಳು ವ್ಯರ್ಥವೆಂದು ಕಂಪೈಲರ್ ಎಚ್ಚರಿಸುತ್ತದೆ. ಆಗ ಎಚ್ಚರಿಕೆಯನ್ನೇ ಅಡಗಿಸುವುದು ಸರಿಯಲ್ಲ, ಏಕೆಂದರೆ ನಿಜವಾದ ದೋಷಗಳ ಸುಳಿವೂ ಅದರೊಡನೆ ಅಡಗುತ್ತದೆ. ಮುದ್ರಣದ ಸಾಲನ್ನು ಅಳಿಸದೆ, ಬೆಲೆ 0 ಆಗಿರುವ ಇಫ್ ಷರತ್ತಿನೊಳಗಿಟ್ಟು, ಇಡಿಯನ್ನು ಒಂದೇ ವಾಕ್ಯವಾಗಿಸುವ ಡು-ವೈಲ್ ಆವರಣದಲ್ಲಿ ಸುತ್ತಿದರೆ, ಪ್ರಿಂಟ್‌ಎಫ್‌ನ ನಮೂನೆಯೂ ಅದಕ್ಕೆ ಕೊಟ್ಟ ಬೆಲೆಗಳೂ ಹೊಂದುತ್ತವೆಯೇ ಎಂದು ಕಂಪೈಲರ್ ಪ್ರತಿ ಸಲವೂ ತಾಳೆ ನೋಡಬಲ್ಲದು, ಆಪ್ಟಿಮೈಸೇಶನ್ ಇದ್ದಾಗ ಆ ಸಾಲನ್ನು ತಾನೇ ಕೈಬಿಡುತ್ತದೆ. ಮ್ಯಾಕ್ರೊಗೆ ಎಷ್ಟು ಬೆಲೆಗಳನ್ನಾದರೂ ಕೊಡಲೆಂದು 1999ರ ಸಿ ಮಾನಕವು ತಂದ ಮೂರು ಚುಕ್ಕಿಗಳ ಸೌಲಭ್ಯದೊಳಗೆ ನಮೂನೆಯನ್ನೂ ಸೇರಿಸಿದರೆ, ನಮೂನೆಯೊಂದನ್ನೇ ಕೊಟ್ಟಾಗ ಅದರ ಕೊನೆಗೆ ಅಲ್ಪವಿರಾಮ ಉಳಿದುಬಿಡುವ ತೊಡಕೂ ಇರದು. ಮುಖ್ಯವಾಗಿ, ಬೆಲೆಯನ್ನು ಬದಲಿಸುವ ಯಾವ ಕ್ರಿಯೆಯನ್ನೂ ಈ ಮ್ಯಾಕ್ರೊದೊಳಗೆ ಬರೆಯದಿರಿ. ಡೀಬಗ್ ನಿಂತಾಗ ಅದೂ ನಿಲ್ಲುತ್ತದೆ.