ತಬಿಥಾ ಅವರ ಸಂಗಡ ಇದ್ದಳು

ಯುವಜನರ ಸತ್ಯವೇದ ಪಾಠ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 9:36-42, ಲೂಕ 8:1-3

 

ನಮ್ಮ ಸಹೋದರಿಯರು ಎರಡು ಪ್ರಶ್ನೆ ಕೇಳಿದ್ದಾರೆ. ಒಂದು, "ಪಾಸ್ಟರ್, ನಾವೇ ಒಂದು ಸೇವಾ ಕೂಟ ಮಾಡಿಕೊಂಡು ಸುತ್ತಮುತ್ತಲಿನ ಆಶ್ರಮಗಳಿಗೆ ಸಹಾಯ ಮಾಡಬಹುದಾ?" ಇನ್ನೊಂದು, "ನಮ್ಮ ಬಡಾವಣೆಯ ಮಹಿಳಾ ಕ್ಲಬ್‌ನವರು ಕರೀತಿದ್ದಾರೆ, ಅಲ್ಲಿ ಎಲ್ಲಾ ಧರ್ಮದವರೂ ಇದ್ದಾರೆ. ಹೋಗಬಹುದಾ?" ಎರಡಕ್ಕೂ ವಾಕ್ಯದಿಂದಲೇ ಉತ್ತರ ಹುಡುಕೋಣ.

1. ವಿಧವೆಯರು ಏನು ತೋರಿಸಿದರು?

ಯೊಪ್ಪ ಪಟ್ಟಣದಲ್ಲಿ ತಬಿಥಾ ಸತ್ತಿದ್ದಾಳೆ. ಪೇತ್ರ ಲುದ್ದದಿಂದ ಬಂದು ಮೇಲಂತಸ್ತಿನ ಕೋಣೆಗೆ ಹೋಗ್ತಾನೆ. ಅಲ್ಲಿ ವಿಧವೆಯರು ಅಳುತ್ತಾ ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನು ತೋರಿಸ್ತಾರೆ. ಆಕೆ ಪ್ರಸಂಗ ಮಾಡಿದಳು ಅಂತ ಇಲ್ಲ, ವೇದಿಕೆ ಹತ್ತಿದಳು ಅಂತ ಇಲ್ಲ. ಆದರೆ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ "ಶಿಷ್ಯಳು" ಅನ್ನುವ ಸ್ತ್ರೀಲಿಂಗ ಪದ ಒಂದೇ ಒಂದು ಸಲ ಬರುತ್ತೆ. ಅದು ಈಕೆಗೆ!

39ನೇ ವಚನದಲ್ಲಿ ಎರಡು ವಿಷಯ ಗಮನಿಸಿ. ಮೊದಲನೆಯದು, ಅಲ್ಲಿರುವ ಕ್ರಿಯಾಪದ ಒಂದು ಸಲ ಮಾಡಿ ಮುಗಿಸಿದ್ದನ್ನು ಹೇಳಲ್ಲ, ಮಾಡುತ್ತಲೇ ಇದ್ದಳು ಅನ್ನುತ್ತೆ. ಎರಡನೆಯದು, ಆಕೆ ಅವರ "ಸಂಗಡ" ಇದ್ದಾಗ ಮಾಡಿದ್ದು. ಅಂಗಿ ಕಳಿಸಿಕೊಡಲಿಲ್ಲ. ಅಂಗಿ ಹೊಲಿಯಬೇಕಾದರೆ ಅಳತೆ ತಗೋಬೇಕು, ಅಳತೆ ತಗೋಬೇಕಾದರೆ ಹತ್ತಿರ ಹೋಗಬೇಕು. ಇಂದಿನ ಪಾಠವೆಲ್ಲಾ ಈ ಒಂದೇ ಮಾತು: ಕೊಡುವುದಕ್ಕಿಂತ ಮೊದಲು ಸಂಗಡ ಇರಿ, ಕೊಟ್ಟ ಮೇಲೂ ಸಂಗಡ ಇರಿ.

ಲೂಕ 8ರಲ್ಲಿ ಒಂದು ಸ್ತ್ರೀಯರ ಗುಂಪೇ ಇದೆ. ಮಗ್ದಲದ ಮರಿಯಳು, ಹೆರೋದನ ಅಧಿಕಾರಿಯ ಹೆಂಡತಿ ಯೋಹಾನಳು, ಸುಸನ್ನಳು, ಇನ್ನೂ ಅನೇಕರು ತಮ್ಮ ಸ್ವಂತ ಆಸ್ತಿಯಿಂದ ಯೇಸುವಿನ ಸೇವೆಯನ್ನು ನಡೆಸಿದರು. ಲೂಕ 24:10 ತೆಗೆದು ನೋಡಿ. ಸಮಾಧಿಯ ಹತ್ತಿರವೂ ಅದೇ ಯೋಹಾನಳು! ಹಣ ಕೊಟ್ಟವಳು ಕೊನೆಯವರೆಗೂ ಸಂಗಡ ಇದ್ದಳು. ಹಲ್ಲೆಲೂಯ!

2. ಸ್ತ್ರೀಯರು ಕೂಡಿಕೊಂಡರೆ

ಪಂಡಿತಾ ರಮಾಬಾಯಿ ಹೆಸರು ನಿಮಗೆ ಗೊತ್ತು. 1905ರಲ್ಲಿ ಮುಕ್ತಿ ಮಿಷನ್‌ನಲ್ಲಿ ಉಜ್ಜೀವನ ಇಳಿದು ಬಂದದ್ದನ್ನು ನಾವು ಪೆಂತೆಕೊಸ್ತಿನವರು ಮರೆಯಲ್ಲ. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಆದರೆ ಉಜ್ಜೀವನಕ್ಕೆ 18 ವರ್ಷ ಮೊದಲಿನ ಕಥೆ ಎಷ್ಟು ಜನಕ್ಕೆ ಗೊತ್ತು? 1887ರ ಡಿಸೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಶುರುವಾಯಿತು. ಅದರ ಹಿಂದೆ ಬೇರೆ ಬೇರೆ ಊರುಗಳಲ್ಲಿ "ರಮಾಬಾಯಿ ಸರ್ಕಲ್" ಅಂತ ಚಿಕ್ಕ ಚಿಕ್ಕ ಗುಂಪುಗಳು. ಅವರ ಮಾತು ಏನು ಗೊತ್ತಾ? ಒಂದು ಸಲದ ಕಾಣಿಕೆ ಅಲ್ಲ, ಹತ್ತು ವರ್ಷ ಬೆಂಬಲ ಕೊಡ್ತೀವಿ ಅಂತ. ಆ ಬೆಂಬಲದಿಂದ 1889ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆಯಿತು, ವಿಧವೆಯರು ಓದು ಕಲಿತರು. ಉಜ್ಜೀವನದ ಬೆಂಕಿ ಕಾಣಿಸುತ್ತೆ, ಅದಕ್ಕೆ ಮುಂಚೆ ವರ್ಷಗಟ್ಟಲೆ ಸೌದೆ ಹೊತ್ತ ಅಕ್ಕತಂಗಿಯರು ಕಾಣಿಸಲ್ಲ.

ನಮ್ಮ ಬೆಂಗಳೂರಿನಲ್ಲೂ 1913ರಷ್ಟು ಹಿಂದೆಯೇ ಮಹಿಳಾ ಸೇವಾ ಸಮಾಜ ಹುಟ್ಟಿತು. ಇನ್ನರ್ ವೀಲ್ ಕ್ಲಬ್ ಅಂತ ಬೋರ್ಡ್ ನೋಡಿರ್ತೀರಿ. 1924ರ ಜನವರಿ 10ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ರೋಟರಿ ಸದಸ್ಯರ ಮಡದಿಯರನ್ನು ಸೇರಿಸಿ ಅದನ್ನು ಶುರು ಮಾಡಿದವರು ಮಾರ್ಗರೆಟ್ ಗೋಲ್ಡಿಂಗ್, ಅವರು ನರ್ಸ್ ಆಗಿದ್ದವರು. ಸ್ನೇಹ ಮತ್ತು ಸ್ವಂತ ಕೈಯಿಂದ ಮಾಡುವ ಸೇವೆ ಅದರ ಗುರಿಗಳು.

ಹಾಗಾದರೆ ಬಡಾವಣೆಯ ಕ್ಲಬ್‌ಗೆ ಹೋಗಬಹುದಾ? ಯೆರೆಮೀಯ 29:7 ಓದಿ. ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಪ್ರಾರ್ಥಿಸಿರಿ ಅಂತ ದೇವರು ಹೇಳಿದ್ದು ಬಾಬೆಲಿನಲ್ಲಿದ್ದ ಜನರಿಗೆ. ವೃದ್ಧಾಶ್ರಮದ ಅಜ್ಜಿಗೆ ಊಟ ಬಡಿಸೋಕೆ ಪಕ್ಕದ ಮನೆ ಆಂಟಿ ಜೊತೆ ಕೈ ಜೋಡಿಸಿದರೆ ನಂಬಿಕೆ ಕೆಡಲ್ಲ. ಪೂಜೆಯ ವಿಷಯ ಬಂದಾಗ "ನನ್ನ ಮನಸ್ಸಾಕ್ಷಿ ಒಪ್ಪಲ್ಲ ಆಂಟಿ" ಅಂತ ವಿನಯವಾಗಿ ಹೇಳಿ, ಆಮೇಲೆ ಪಾತ್ರೆ ತೊಳೆಯೋಕೆ ಮೊದಲು ನಿಲ್ಲಿ.

3. ನಮ್ಮ ಮಾಗಡಿ ರಸ್ತೆ

ಗೋವಿಂದರಾಜನಗರದಿಂದ ಮಾಗಡಿ ರಸ್ತೆ ಹಿಡಿದರೆ ಸುಮನಹಳ್ಳಿ ಸಿಗುತ್ತೆ. ದಿನಾ ಆ ಫ್ಲೈಓವರ್ ಮೇಲೆ ಬೈಕ್ ಓಡಿಸ್ತೀರಿ. ಆ ಹೆಸರು ಕೇಳಿದಾಗ ಟ್ರಾಫಿಕ್ ಮಾತ್ರ ನೆನಪಾಗುತ್ತೆ ಅಲ್ವಾ? ಅಲ್ಲಿ ಕಥೋಲಿಕ ಸಹೋದರರು ಕುಷ್ಠರೋಗಿಗಳಿಗಾಗಿ ನಡೆಸುವ ಪುನರ್ವಸತಿ ಕೇಂದ್ರ ಇದೆ. ಕುಷ್ಠರೋಗಿಯನ್ನು ಮುಟ್ಟಿದ ಯೇಸುವಿನ ಕೆಲಸ ನಮ್ಮ ಪಕ್ಕದಲ್ಲೇ ನಡೀತಿದೆ.

ಅದೇ ಕಡೆ ಸರ್ಕಾರದ ನಿರಾಶ್ರಿತರ ಪರಿಹಾರ ಕೇಂದ್ರವೂ ಇದೆ, ಜನ ಬೆಗ್ಗರ್ಸ್ ಕಾಲೋನಿ ಅಂತಾರೆ. ಮನೆ ಕಂದಾಯದ ಜೊತೆ 3% ಭಿಕ್ಷುಕರ ಸೆಸ್ ವಸೂಲಾಗುತ್ತೆ, 1975ರ ಕಾಯ್ದೆ ಪ್ರಕಾರ. ಅಂದರೆ ಊರಿನವರೆಲ್ಲಾ ಈಗಾಗಲೇ ಹಣ ಕೊಡ್ತಿದ್ದಾರೆ! ಆದರೂ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಅಲ್ಲಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಹಣ ಬೇಕು, ನಿಜ. ಆದರೆ "ಈ ತಾತ ನಿನ್ನೆಯಿಂದ ಊಟ ಮಾಡ್ತಿಲ್ಲ" ಅಂತ ಗಮನಿಸುವ ಕಣ್ಣು ಸೆಸ್‌ನಿಂದ ಬರಲ್ಲ. ಅದಕ್ಕೆ ಸಂಗಡ ಇರುವವರು ಬೇಕು.

4. ಕೂಟ ಶುರು ಮಾಡುವವರಿಗೆ ಐದು ಮಾತು

ಮೊದಲು ಕೇಳಿ. ಹುಟ್ಟುಹಬ್ಬಕ್ಕೆ ಎಲ್ಲರೂ ಕೇಕ್, ಬಿರಿಯಾನಿ ತರ್ತಾರೆ. ಬುಧವಾರ ಸಾರಿಗೆ ಬೇಳೆ ಇದೆಯಾ, ಅಜ್ಜಿಯರಿಗೆ ಡೈಪರ್ ಇದೆಯಾ ಅಂತ ವಾರ್ಡನ್‌ನ ಕೇಳಿ, ಅದನ್ನೇ ತನ್ನಿ.

ಒಂದೇ ಜಾಗ ಆರಿಸಿ, ದಿನ ಗೊತ್ತುಮಾಡಿ. ಹತ್ತು ಆಶ್ರಮಕ್ಕೆ ಒಂದೊಂದು ಸಲ ಹೋಗುವುದಕ್ಕಿಂತ ಒಂದು ಆಶ್ರಮಕ್ಕೆ ತಿಂಗಳಿಗೊಮ್ಮೆ ವರ್ಷಪೂರ್ತಿ ಹೋಗುವುದು ಮೇಲು. ಮೂರನೇ ತಿಂಗಳಿಗೆ ಅವರ ಹೆಸರುಗಳು ನಿಮ್ಮ ಪ್ರಾರ್ಥನೆಯಲ್ಲಿ ಬರಬೇಕು.

ಲೆಕ್ಕ ಇಡಿ. ಹಣ ಇಬ್ಬರ ಕೈಯಲ್ಲಿರಲಿ, ರಸೀದಿ ಇರಲಿ. 2 ಕೊರಿಂಥ 8:20-21ರಲ್ಲಿ ಪೌಲನೂ ಕಾಣಿಕೆಯ ವಿಷಯದಲ್ಲಿ ಇಷ್ಟೇ ಎಚ್ಚರವಾಗಿದ್ದ.

ಮುಖದ ಫೋಟೋ ಬೇಡ. ಮತ್ತಾಯ 6:1-4 ಸಾಕು. ಮಕ್ಕಳ ಆಶ್ರಮದಲ್ಲಂತೂ ಕಾನೂನೂ ಇದೆ: 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಂಥ ಮಕ್ಕಳ ಗುರುತು ಬಹಿರಂಗ ಮಾಡುವಂತಿಲ್ಲ. ರೀಲ್ಸ್‌ಗೆ ಇನ್ನೊಬ್ಬರ ಕಣ್ಣೀರು ಬೇಡ.

ಷರತ್ತು ಬೇಡ. ಇದು ಬಹಳ ಮುಖ್ಯ. ಶಾರದಾ ಸದನದಲ್ಲಿ ಧರ್ಮದ ಒತ್ತಾಯ ಇರಬಾರದು ಅಂತ ಒಪ್ಪಂದ ಇತ್ತು. 1893ರಲ್ಲಿ ಅದರ ಬಗ್ಗೆ ಅನುಮಾನ ಎದ್ದಾಗ ಪುಣೆಯಲ್ಲಿ ದೊಡ್ಡ ಗಲಾಟೆಯಾಗಿ, ಅನೇಕರು ತಮ್ಮ ಹುಡುಗಿಯರನ್ನು ಶಾಲೆ ಬಿಡಿಸಿದರು. ನಂಬಿಕೆ ಹೋದರೆ ನಷ್ಟವಾಗುವುದು ಬಡ ಹುಡುಗಿಗೆ. ಅಕ್ಕಿ ಚೀಲ ಗಾಳದ ಹುಳ ಅಲ್ಲ, ಪ್ರಿಯರೇ. ಯಾರಾದರೂ "ಯಾಕೆ ಬರ್ತೀರಿ?" ಅಂತ ಕೇಳಿದರೆ ಯೇಸುವಿನ ಹೆಸರು ನಾಚದೆ ಹೇಳಿ, 1 ಪೇತ್ರ 3:15ರಂತೆ ಸಾತ್ವಿಕತ್ವದಿಂದ. ಕೇಳದಿದ್ದರೂ ಮುಂದಿನ ತಿಂಗಳು ಹೋಗಿ.

ಪೇತ್ರ ಮೊಣಕಾಲೂರಿ ಪ್ರಾರ್ಥಿಸಿದ, ತಬಿಥಾ ಎದ್ದಳು. ಎದ್ದ ಮೇಲೆ ಪೇತ್ರ ಯಾರನ್ನು ಕರೆದ? ದೇವಜನರನ್ನೂ ವಿಧವೆಯರನ್ನೂ. ದೇವರು ಆಕೆಯನ್ನು ಪುನಃ ಕೊಟ್ಟದ್ದು ಅವರಿಗೆ. ಅದೇ ಶಕ್ತಿ, ಅದೇ ಪವಿತ್ರಾತ್ಮನು ಇಂದು ನಮ್ಮಲ್ಲೂ ಇದ್ದಾನೆ. ಈ ವಾರ ಸಹೋದರಿಯರು ಕೂತು ಒಂದು ಜಾಗ, ಒಂದು ದಿನ ಗೊತ್ತುಮಾಡಿ. ಸಹೋದರರೇ, ನೀವು ಸುಮ್ಮನೆ ಆಮೆನ್ ಅನ್ನಬೇಡಿ, ಅಕ್ಕಿ ಮೂಟೆ ಹೊರೋಕೆ ಬನ್ನಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಬೀದಿಯಲ್ಲೇ ಇದ್ದರೂ ನಾವು ನೋಡದೆ ಹೋದವರ ಕಡೆಗೆ ನಮ್ಮ ಕಣ್ಣು ತೆರೆ. ಬೇಗ ದಣಿಯದ ಪ್ರೀತಿ ಕೊಡು. ಕೊಡುವ ಕೈಯಲ್ಲಿ ಹೆಮ್ಮೆ ಇಲ್ಲದಿರಲಿ, ಪಡೆಯುವ ಕೈಗೆ ನಾಚಿಕೆ ಆಗದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.