ಇಂದಿನ ಚಿಂತನ: ಜೀತಕ್ಕೂ ಸೇವೆಗೂ ಒಂದೇ ಪದ



ಇವತ್ತು ಒಂದು ಹೀಬ್ರೂ ಪದ ನೋಡೋಣ: 'ಅವೊದಾ'. ಕೆಲಸ ಎನ್ನುವುದಕ್ಕೂ ಇದೇ ಪದ, ದೇವರ ಆರಾಧನೆಗೂ ಇದೇ ಪದ. ಯಹೂದಿಗಳ ಪೂರ್ವಿಕರು ಈಜಿಪ್ಟಿನ ದೊರೆಗೆ ಇಟ್ಟಿಗೆ ಮಾಡಿಕೊಡುತ್ತ ಜೀತಕ್ಕಿದ್ದರು ಎಂಬ ಕಥೆ ಅವರ ಗ್ರಂಥದಲ್ಲಿದೆ. ಆ ಜೀತವನ್ನು ಹೇಳುವಾಗಲೂ ಅಲ್ಲಿ ಇದೇ ಪದ ಬರುತ್ತದೆ. ನಮ್ಮ 'ಊಳಿಗ'ವೂ ಹಾಗೇ ಅಲ್ಲವೇ? ಒಪ್ಪಿ ಮಾಡಿದ್ದೋ, ಹೆದರಿ ಮಾಡಿದ್ದೋ ಪದದಿಂದ ಗೊತ್ತಾಗದು. ಬಿಟ್ಟಿ ಚಾಕರಿ ಮಾಡಿದ ಮನೆಗಳಿಂದ ಬಂದ ನಮಗೆ ಯಾರಾದರೂ 'ಸೇವೆ' ಎಂದ ಕೂಡಲೇ ಅನುಮಾನ ಬರುವುದು ಸಹಜ.

1998ರಲ್ಲಿ ನ್ಯೂಯಾರ್ಕಿನಲ್ಲಿ ಇದೇ ಪದವನ್ನು ಹೆಸರಾಗಿಟ್ಟುಕೊಂಡು ಒಂದು ಸಂಸ್ಥೆ ಶುರುವಾಯಿತು. ಆಮೇಲೆ ವಾಷಿಂಗ್ಟನ್, ಷಿಕಾಗೊ, ನ್ಯೂ ಓರ್ಲಿಯನ್ಸ್‌ಗಳಿಗೂ ಹೋಯಿತು. ಕಾಲೇಜು ಮುಗಿಸಿದ ಯಹೂದಿ ಯುವಕ ಯುವತಿಯರು ಒಂದು ವರ್ಷ, ನಗರದ ಬಡವರಿಗಾಗಿ ದುಡಿಯುವ ಸಂಸ್ಥೆಗಳಲ್ಲಿ ಪೂರ್ತಿ ಹೊತ್ತು ಕೆಲಸ ಮಾಡುತ್ತಾರೆ. ಕೈಗೆ ಸಿಗುವುದು ಸಣ್ಣ ಭತ್ಯೆ. ಎಲ್ಲರೂ ಒಂದೇ ಮನೆಯಲ್ಲಿ ವಾಸ. ಆಚಾರ ಪಾಲಿಸುವವರೂ ಪಾಲಿಸದವರೂ ಕೂಡಿರುವುದರಿಂದ ಅಡುಗೆಮನೆಯಲ್ಲಿ ಏನು ಬೇಯಬೇಕು, ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಹೇಗೆ ಕಳೆಯಬೇಕು ಎಂದು ಅವರೇ ಕೂತು ಮಾತಾಡಿ ತೀರ್ಮಾನಿಸಬೇಕು. (ಇಡೀ ವರ್ಷದಲ್ಲಿ ಇದೇ ಕಷ್ಟದ ಪಾಠವಿರಬೇಕು!) ಜೊತೆಗೆ ಅಧ್ಯಯನವೂ ಇದೆ: ಬಡತನ ಎಲ್ಲಿಂದ ಬರುತ್ತದೆ, ವರ್ಣಭೇದಕ್ಕೂ ಅದಕ್ಕೂ ಏನು ನಂಟು, ತಮ್ಮ ಹಳೆಯ ಗ್ರಂಥಗಳು ಏನನ್ನುತ್ತವೆ.

ಕೆಲಸವೆಂದರೆ ಅನ್ನ ಬಡಿಸಿ ಫೋಟೋ ತೆಗೆಸಿಕೊಳ್ಳುವುದಲ್ಲ. ಬಾಡಿಗೆ ಕಟ್ಟಲಾಗದ ಕುಟುಂಬದ ಮೇಲೆ ಮಾಲೀಕ ಕೇಸು ಹಾಕಿದ ಎನ್ನಿ. ಅವನಿಗೆ ವಕೀಲರಿರುತ್ತಾರೆ, ಬಾಡಿಗೆದಾರಳಿಗೆ ಇರುವುದಿಲ್ಲ. ಅಂಥವರಿಗೆ ಕಾನೂನು ನೆರವು ಕೊಡುವ ಕಚೇರಿಗಳಲ್ಲಿ ಫೋನ್ ಎತ್ತುವುದು, ರಸೀದಿಗಳನ್ನು ಜೋಡಿಸುವುದು, ನೋಟಿಸು ಓದಿ ಹೇಳುವುದು, ಎಲ್ಲಕ್ಕೂ ಜನ ಬೇಕು. ನ್ಯೂಯಾರ್ಕ್ ನಗರ 2017ರಲ್ಲಿ, ಮನೆಯಿಂದ ಹೊರಹಾಕುವ ಕೇಸುಗಳಲ್ಲಿ ಬಡ ಬಾಡಿಗೆದಾರರಿಗೆ ವಕೀಲರನ್ನು ಒದಗಿಸುವ ಕಾನೂನು ಮಾಡಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಕನಿಕರ ಮತ್ತು ಹಕ್ಕಿನ ನಡುವಿನ ಅಂತರ ಇದೇ.

ಯಹೂದಿಗಳು ದಾನಕ್ಕೆ ಬಳಸುವ 'ತ್ಸೆದಾಕಾ' ಎಂಬ ಪದ 'ನ್ಯಾಯ' ಎಂಬ ಮೂಲದಿಂದ ಬಂದದ್ದು. 12ನೇ ಶತಮಾನದ ಪಂಡಿತ ಮೈಮೊನಿಡೀಸ್ ಅದಕ್ಕೆ ಎಂಟು ಮೆಟ್ಟಿಲು ಹೇಳಿದ. ಮುಖ ಗಂಟಿಕ್ಕಿಕೊಂಡು ಕೊಡುವುದು ಕೊನೆಯದು. ಸಾಲ ಕೊಟ್ಟೋ, ಪಾಲುದಾರನನ್ನಾಗಿ ಮಾಡಿಕೊಂಡೋ, ಕೆಲಸ ಕೊಡಿಸಿಯೋ ಇನ್ನೊಮ್ಮೆ ಕೈಚಾಚದಂತೆ ನಿಲ್ಲಿಸುವುದು ಎಲ್ಲಕ್ಕಿಂತ ಮೇಲಿನದು.

ಇದೆಲ್ಲ ಓದುವಾಗ ಇನ್ನೊಂದು ಘಟನೆಯನ್ನೂ ಮರೆಯಬಾರದು. 1911ರ ಮಾರ್ಚ್ 25ರಂದು ಇದೇ ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. 146 ಮಂದಿ ಸತ್ತರು. ಹೆಚ್ಚಿನವರು ಹೊಟ್ಟೆಪಾಡಿಗೆ ವಲಸೆ ಬಂದಿದ್ದ ಯಹೂದಿ ಮತ್ತು ಇಟಲಿಯ ಹೆಣ್ಣುಮಕ್ಕಳು. ಕಾರ್ಖಾನೆಯ ಮಾಲೀಕರಿಬ್ಬರೂ ಯಹೂದಿಗಳೇ, ಅವರೂ ವಲಸೆ ಬಂದವರೇ! ಮೇಲೆ ಬಂದವರೇ ಹಿಂದೆ ಉಳಿದವರಿಗೆ ಬಾಗಿಲು ಹಾಕಿದ್ದರು. ಆ ಕಾಲದ ವಲಸಿಗರ ಮೊಮ್ಮಕ್ಕಳು, ಮರಿಮಕ್ಕಳು ಈಗ ಬಹುಪಾಲು ಆ ಇಕ್ಕಟ್ಟಿನ ಕೇರಿಗಳಲ್ಲಿಲ್ಲ. ಹಾಗೆ ಹೊರಬಂದ ಪೀಳಿಗೆಯ ಕೆಲವರು ಒಂದು ವರ್ಷಕ್ಕಾದರೂ ಬಡವರ ನಡುವೆ ಬರುತ್ತಿದ್ದಾರೆ. ಅವರು ನೆರವಾಗುವುದೂ ತಮ್ಮ ಧರ್ಮದವರಿಗೆ ಮಾತ್ರವಲ್ಲ, ಬಾಗಿಲಿಗೆ ಬಂದ ಯಾರಿಗಾದರೂ.

ನನಗೆ ಇದರಲ್ಲಿ ಒಂದು ತಕರಾರೂ ಇದೆ. ಸಣ್ಣ ಭತ್ಯೆಯಲ್ಲಿ ವರ್ಷ ಕಳೆಯುವುದು, ಮನೆಗೆ ದುಡ್ಡು ಕಳಿಸಲೇಬೇಕಾದ ಹುಡುಗನಿಗೆ ಸುಲಭವಲ್ಲ. ವರ್ಷ ಮುಗಿದ ಮೇಲೆ ಇವರು ಮುಂದಿನ ಓದಿಗೋ ನೌಕರಿಗೋ ಹೋಗುತ್ತಾರೆ, ಹೊಸಬರು ಬರುತ್ತಾರೆ. ಮನೆ ಕಳೆದುಕೊಳ್ಳುವ ಅಂಚಿನಲ್ಲಿರುವ ತಾಯಿ ಮಾತ್ರ ಹೊಸ ಮುಖದ ಎದುರು ಕೂತು ತನ್ನ ಕಷ್ಟವನ್ನು ಮತ್ತೆ ಮೊದಲಿನಿಂದ ಹೇಳಬೇಕು.

ಭಾನುವಾರದ ಓದಿಗೆ ಬರುವಾಗ ಈ ಪ್ರಶ್ನೆ ಯೋಚಿಸಿಕೊಂಡು ಬನ್ನಿ: ಆ ತಾಯಿಗೆ ಒಂದು ವರ್ಷದ ಸೇವೆ ಎಷ್ಟು ದೂರ ಬಂದಂತೆ?