ಒತ್ತೆಯಿಟ್ಟ ಒಡೆತನ

ನಮ್ಮ ತಂದೆಯವರದು ತೀರ್ಥಹಳ್ಳಿಯ ಕಡೆಯ ಸಣ್ಣ ಅಡಕೆತೋಟ. ಮುಂಗಾರು ಸಮೀಪಿಸಿ, ಕೊಳೆರೋಗವನ್ನು ತಡೆಯಲು ಮೈಲುತುತ್ತ ಸುಣ್ಣಗಳನ್ನು ಕೊಂಡು, ಕೊನೆಗಾರನ ಕೂಲಿಯನ್ನೂ ಹೊಂದಿಸಬೇಕಾಗಿ ಬಂದಾಗ, ಅವರು ತಾಯಿಯವರ ಅವಲಕ್ಕಿ ಸರವನ್ನು ಸೊಸೈಟಿಯಲ್ಲಿ ಒತ್ತೆಯಿಟ್ಟು, ಕೊಯ್ಲು ಮುಗಿದು ಅಡಕೆ ಮಂಡಿಗೆ ಹೋದ ಬಳಿಕ ಬಿಡಿಸಿಕೊಂಡು ಬರುತ್ತಿದ್ದರು. ಸರವು ಒತ್ತೆಯಲ್ಲಿದೆಯೆಂಬ ಕಾರಣಕ್ಕೆ ಅದರ ತೂಕವು ಕುಗ್ಗುತ್ತಿರಲಿಲ್ಲ. ನೆರೆಮನೆಯವರ ಸರದ ಬೆಲೆಯೂ ಇಳಿಯುತ್ತಿರಲಿಲ್ಲ. ಕಂಪನಿಯ ಪ್ರವರ್ತಕರು ತಮ್ಮ ಷೇರುಗಳನ್ನು ಒತ್ತೆಯಿಟ್ಟು ಸಾಲ ಪಡೆಯುವುದನ್ನೂ ನಾನು ಬಹುಕಾಲ ಇದೇ ಬಗೆಯ ವ್ಯವಹಾರವೆಂದು ಭಾವಿಸಿದ್ದೆನು. ಆ ಭಾವನೆಯು ಎಷ್ಟು ತಪ್ಪೆಂಬುದನ್ನು 2018ರಲ್ಲಿ ನನ್ನ ಉಳಿತಾಯದ ಒಂದು ಭಾಗವನ್ನು ತೆತ್ತು ಅರಿತೆನು.

ನಾನು ಷೇರು ಕೊಂಡಿದ್ದುದು ಒಂದು ನಿರ್ಮಾಣ ಕಂಪನಿಯದು. ಕೈತುಂಬ ಕೆಲಸ, ಏರುತ್ತಿದ್ದ ಲಾಭ, ಪ್ರವರ್ತಕರ ಕೈಯಲ್ಲಿ ಶೇ 60ರಷ್ಟು ಪಾಲು. ಯಜಮಾನನೇ ಅಷ್ಟು ಪಾಲನ್ನು ಇಟ್ಟುಕೊಂಡಿರುವಾಗ ನಮಗೇಕೆ ಭಯವೆಂದು ಸಮಾಧಾನಗೊಂಡ ನಾನು, ಷೇರುದಾರಿಕೆಯ ಪಟ್ಟಿಯ ಮುಂದಿನ ಅಂಕಣದಲ್ಲಿ ಆ ಪಾಲಿನ ಶೇ 70ರಷ್ಟು ಒತ್ತೆಯಲ್ಲಿದೆಯೆಂದು ಬರೆದಿದ್ದುದನ್ನು ಕಂಡೂ ಅದರ ಅರ್ಥವನ್ನು ವಿಚಾರಿಸಲಿಲ್ಲ. ಅರವತ್ತರಲ್ಲಿ ಶೇ 70 ಎಂದರೆ ಇಡೀ ಕಂಪನಿಯ ಶೇ 42. ನನ್ನಂಥ ಸಣ್ಣ ಷೇರುದಾರರೆಲ್ಲರ ಪಾಲನ್ನು ಕೂಡಿಸಿದರೂ ಮೀರುವಷ್ಟು ಒಡೆತನವು ಸಾಲ ಕೊಟ್ಟವರ ವಶದಲ್ಲಿತ್ತು.

ಸಾಲಕ್ಕೆ ಆಧಾರವಾದ ಷೇರು ಚಿನ್ನದಂತೆ ಸುಮ್ಮನೆ ಪೆಟ್ಟಿಗೆಯಲ್ಲಿ ಮಲಗಿರುವುದಿಲ್ಲ. ನೂರು ರೂಪಾಯಿಯ ಷೇರಿಗೆ ಐವತ್ತು ರೂಪಾಯಿ ಸಾಲ ಕೊಟ್ಟಾತನು, ಷೇರಿನ ಬೆಲೆ ಎಂಬತ್ತಕ್ಕೆ ಇಳಿದ ದಿನ, ಇನ್ನಷ್ಟು ಷೇರುಗಳನ್ನಾಗಲಿ ನಗದನ್ನಾಗಲಿ ತಂದು ಹಿಂದಿನ ಅನುಪಾತವನ್ನು ತುಂಬಿಕೊಡಬೇಕೆಂದು ಕೇಳುತ್ತಾನೆ. ಪ್ರವರ್ತಕನಿಗೆ ಅದು ಸಾಧ್ಯವಾಗದಿದ್ದರೆ ಒತ್ತೆಯ ಷೇರುಗಳನ್ನು ಪೇಟೆಯಲ್ಲಿ ಮಾರಿಬಿಡುತ್ತಾನೆ. ಮಾರಾಟದಿಂದ ಬೆಲೆ ಮತ್ತಷ್ಟು ಕುಸಿಯುತ್ತದೆ. ಕುಸಿದ ಬೆಲೆಯನ್ನು ಕಂಡು ಎರಡನೆಯ ಸಾಲಿಗನೂ, ಆತನನ್ನು ಕಂಡು ಮೂರನೆಯವನೂ ಮಾರಲು ಧಾವಿಸುತ್ತಾರೆ. ನನ್ನ ಷೇರು ದಿನದಿನವೂ ಲೋವರ್ ಸರ್ಕ್ಯೂಟಿಗೆ, ಎಂದರೆ ಒಂದು ದಿನದಲ್ಲಿ ಇಳಿಯಬಹುದಾದ ಕೊನೆಯ ಮಿತಿಗೆ, ಇಳಿದು, ಕೊಳ್ಳುವವರೇ ಇಲ್ಲದೆ ನಿಂತಿತು. ನಾನು ಪಡೆಯದ ಸಾಲವನ್ನು ನಾನೇ ತೀರಿಸುತ್ತಿದ್ದೇನೆಂಬ ಆ ವಾರಗಳ ವೇದನೆ ಇಂದಿಗೂ ನೆನಪಿದೆ.

ನನಗೆ ಒದಗಿದ ಪಾಡು ಹೊಸತೇನಲ್ಲ. ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷರು 2009ರ ಜನವರಿ 7ರಂದು ಲೆಕ್ಕದ ವಂಚನೆಯನ್ನು ಒಪ್ಪಿಕೊಳ್ಳುವುದಕ್ಕೆ ಮೊದಲೇ, ಪ್ರವರ್ತಕರು ಒತ್ತೆಯಿಟ್ಟಿದ್ದ ಷೇರುಗಳನ್ನು ಸಾಲಿಗರು ಮಾರತೊಡಗಿದ್ದರು. ಷೇರುಗಳು ಒತ್ತೆಯಲ್ಲಿವೆಯೆಂಬ ಸಂಗತಿಯನ್ನು ಸಾಮಾನ್ಯ ಹೂಡಿಕೆದಾರನಿಗೆ ತಿಳಿಸಲೇಬೇಕೆಂಬ ನಿಯಮವು ಅಂದು ಇರಲಿಲ್ಲ. ಅದೇ ತಿಂಗಳು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು ಒತ್ತೆಯ ವಿವರಗಳ ಪ್ರಕಟಣೆಯನ್ನು ಕಡ್ಡಾಯಗೊಳಿಸಿತು. ಹತ್ತು ವರ್ಷಗಳ ಬಳಿಕ, 2019ರ ಜನವರಿ 25ರಂದು, ನಮ್ಮ ಮನೆಮನೆಗಳಿಗೂ ಪರಿಚಿತವಾದ ವಾಹಿನಿಗಳ ಒಡೆತನದ ಜೀ ಎಂಟರ್‌ಟೈನ್‌ಮೆಂಟ್ ಕಂಪನಿಯ ಷೇರು ಒಂದೇ ದಿನದಲ್ಲಿ ಕಾಲು ಭಾಗಕ್ಕೂ ಮಿಗಿಲಾಗಿ ಬಿದ್ದಿತು. ವಾಹಿನಿಗಳು ಲಾಭದಲ್ಲಿಯೇ ನಡೆಯುತ್ತಿದ್ದುವು. ಪ್ರವರ್ತಕರ ಸಮೂಹವು ರಸ್ತೆ ಮೊದಲಾದ ಮೂಲಸೌಕರ್ಯ ಉದ್ಯಮಗಳಲ್ಲಿ ತೊಡಗಿಸಿ ಕೈಸುಟ್ಟುಕೊಂಡ ಸಾಲದ ಭಾರವು ಆ ಷೇರಿನ ಮೇಲೆ ಎರಗಿತ್ತು. ಕಂಪನಿಯ ಲೆಕ್ಕಪತ್ರವೆಷ್ಟೇ ನಿರ್ಮಲವಾಗಿದ್ದರೂ ಪ್ರವರ್ತಕನ ಖಾಸಗಿ ಸಾಲವು ಅದರಲ್ಲಿ ಕಾಣಿಸದು.

ಆದುದರಿಂದ ಈಗ ಯಾವ ಷೇರನ್ನು ಆರಿಸುವಾಗಲೂ ಲಾಭನಷ್ಟಗಳಿಗಿಂತ ಮೊದಲು, ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಪ್ರಕಟವಾಗಬೇಕಾದ ಷೇರುದಾರಿಕೆಯ ಪಟ್ಟಿಯನ್ನು ತೆರೆಯುತ್ತೇನೆ. ಒತ್ತೆಯ ಪ್ರಮಾಣವು ಪ್ರವರ್ತಕರ ಪಾಲಿನಲ್ಲಿ ಎಷ್ಟು, ಒಟ್ಟು ಬಂಡವಾಳದಲ್ಲಿ ಎಷ್ಟು ಎಂದು ಎರಡನ್ನೂ ಬೇರೆ ಬೇರೆ ಗುಣಿಸಿ ನೋಡುತ್ತೇನೆ. ಮೊದಲನೆಯದು ಪ್ರವರ್ತಕರ ಇಕ್ಕಟ್ಟನ್ನೂ ಎರಡನೆಯದು ನನ್ನ ಅಪಾಯವನ್ನೂ ತಿಳಿಸುತ್ತದೆ. ಪ್ರವರ್ತಕರ ಪಾಲಿನ ಅರ್ಧ ಅಥವಾ ಒಟ್ಟು ಬಂಡವಾಳದ ಶೇ 20ರ ಮಿತಿ ಮುಟ್ಟಿದರೆ ಒತ್ತೆಗೆ ಕಾರಣವನ್ನು ಹೇಳಲೇಬೇಕೆಂದು ಸೆಬಿಯು 2019ರಲ್ಲಿ ವಿಧಿಸಿದುದು ಬಹಳ ಉಪಕಾರಿಯಾಯಿತು. ಕಂಪನಿಯದೇ ಸಾಲಕ್ಕೆ ಹೆಚ್ಚಿನ ಭದ್ರತೆಯಾಗಿ ಬ್ಯಾಂಕು ಪ್ರವರ್ತಕರ ಷೇರುಗಳನ್ನು ಪಡೆದಿದ್ದರೆ ನಾನು ಅಷ್ಟು ಅಂಜುವುದಿಲ್ಲ. ಬೇರೊಂದು ಉದ್ಯಮಕ್ಕೆಂದಾಗಲಿ ಸ್ವಂತ ಖರ್ಚಿಗೆಂದಾಗಲಿ ತೆಗೆದ ಸಾಲವಾಗಿದ್ದು, ನಾಲ್ಕು ತ್ರೈಮಾಸಿಕಗಳಿಂದ ಏರುತ್ತಲೇ ಬಂದಿದ್ದರೆ, ಕಂಪನಿ ಎಷ್ಟೇ ಉತ್ತಮವಾಗಿರಲಿ, ಅದನ್ನು ಬಿಟ್ಟುಬಿಡುತ್ತೇನೆ. ಹಾಗೆ ಬಿಟ್ಟ ಕೆಲವು ಷೇರುಗಳು ಬಳಿಕ ಚೆನ್ನಾಗಿ ಏರಿದುದೂ ಉಂಟು. ಅದಕ್ಕಾಗಿ ನಾನು ಮರುಗಿಲ್ಲ.

ಸದ್ಯ ನನ್ನ ಬಳಿಯಿರುವ ಒಂದು ಕಂಪನಿಯಲ್ಲಿ ಒತ್ತೆಯು ಶೇ 38ರಿಂದ 11ಕ್ಕೆ ಇಳಿದಿದೆ. ಪ್ರವರ್ತಕರು ದುಡಿಮೆಯ ಹಣದಿಂದ ಬಿಡಿಸಿಕೊಂಡರೋ, ತಮ್ಮ ಷೇರುಗಳನ್ನೇ ಮಾರಿ ಸಾಲ ತೀರಿಸಿದರೋ, ಅಥವಾ ಸಾಲಿಗನೇ ಷೇರುಗಳನ್ನು ತನ್ನದಾಗಿಸಿಕೊಂಡನೋ ಎಂಬುದನ್ನು ನಿರ್ಣಯಿಸಲು, ಹಿಂದಿನ ಮತ್ತು ಈಗಿನ ಪಟ್ಟಿಗಳೆರಡನ್ನೂ ಮೇಜಿನ ಮೇಲೆ ಹರಡಿಕೊಂಡು, ಅವರ ಒಟ್ಟು ಪಾಲನ್ನು ಸಾಲುಸಾಲಾಗಿ ತಾಳೆ ನೋಡುತ್ತಿದ್ದೇನೆ.